ಜ್ವಾಲಾಮುಖಿಯ ಕಂಪನಕ್ಕೆ ಕಲಿಸಿದ ಮಷೀನ್ ಲರ್ನಿಂಗ್ ಮಾದರಿ ಸಂಡೂರಿನ ಗಣಿ ಬ್ಲಾಸ್ಟಿಂಗನ್ನೂ ಗುರುತಿಸುತ್ತದೆಯೇ?

ಹಾಗೇ ತಂದು ಹಾಕಿದರೆ ಇಲ್ಲ. ವಿಧಾನ ಅದೇ, ಆದರೆ ಸಂಡೂರಿನ ದಾಖಲೆಯಿಂದಲೇ ಮತ್ತೆ ಕಲಿಸಬೇಕು.

ಜ್ವಾಲಾಮುಖಿಯೊಳಗೆ ಬಂಡೆ ಬಿರಿದರೆ ಮೊದಲು ಬರುವ ಪಿ, ಅದರ ಹಿಂದೆ ಬರುವ ಎಸ್ ಕಂಪನದ ಅಲೆಗಳು ಬಿಡಿಬಿಡಿಯಾಗಿ ಕಾಣುತ್ತವೆ, 5 ಹರ್ಟ್ಸ್‌ಗಿಂತ ಮೇಲೂ ಶಕ್ತಿ ಇರುತ್ತದೆ. ಅನಿಲ, ಶಿಲಾಪಾಕ ಹರಿದಾಡಿದರೆ ಸುಮಾರು 0.5ರಿಂದ 5 ಹರ್ಟ್ಸ್‌ನ ಮಂದ ಕಂಪನ. ಎಸ್ ಅಲೆ ಎಲ್ಲಿ ಶುರುವಾಯಿತೆಂದು ಬೆರಳಿಟ್ಟು ತೋರಿಸುವುದೇ ಕಷ್ಟ. ಅದೇ ಗಂಟೆಗಟ್ಟಲೆ ಎಡೆಬಿಡದೆ ಬಂದರೆ ಟ್ರೆಮರ್.

ಬ್ಲಾಸ್ಟಿಂಗ್‌ನ ಗುರುತೇ ಬೇರೆ. ಸಿಡಿಮದ್ದು ತುಂಬಿದ ಕುಳಿಗಳನ್ನು ಮಿಲಿಸೆಕೆಂಡ್ ಅಂತರದಲ್ಲಿ ಸಾಲಾಗಿ ಸಿಡಿಸುವುದರಿಂದ ಯಾವ ಹೊತ್ತಿನಲ್ಲಿ ಯಾವ ಆವರ್ತನಕ್ಕೆ ಎಷ್ಟು ಶಕ್ತಿ ಎಂದು ತೋರಿಸುವ ಸ್ಪೆಕ್ಟ್ರೋಗ್ರಾಮ್‌ನಲ್ಲಿ ಒಂದರ ಮೇಲೊಂದು ಅಡ್ಡ ಪಟ್ಟೆಗಳು ಮೂಡಬಹುದು. ಎಸ್ ಅಲೆ ಸಾಮಾನ್ಯವಾಗಿ ದುರ್ಬಲ, ಹತ್ತಿರದ ಕಂಪನ ದಾಖಲೆ ಕೇಂದ್ರಗಳಲ್ಲಿ ನೆಲದ ಮೇಲ್ಮೈಗುಂಟ ಸಾಗುವ ಅಲೆ ದೊಡ್ಡದು.

ಸೆಕೆಂಡಿಗೆ 100 ಅಳತೆಯಂತೆ ದಾಖಲಿಸಿ, ಉಪಕರಣದ ಪ್ರಭಾವ ತೆಗೆದು, 0.5–20 ಹರ್ಟ್ಸ್ ಫಿಲ್ಟರ್ ಹಾಕಿ. ಕಂಪನದ ಪ್ರಮಾಣದ 1 ಸೆಕೆಂಡಿನ ಸರಾಸರಿ 30 ಸೆಕೆಂಡಿನ ಸರಾಸರಿಗಿಂತ 3–4 ಪಟ್ಟು ಏರಿದಲ್ಲಿ 60 ಸೆಕೆಂಡಿನ ತುಂಡು ಕತ್ತರಿಸಿಕೊಳ್ಳಿ. ಘಟನೆಗಳು ಕೆಲವೇ ನೂರು ಇದ್ದರೆ ಹೆಚ್ಚು ಉದಾಹರಣೆ ಬೇಡುವ ನ್ಯೂರಲ್ ನೆಟ್‌ವರ್ಕ್ ಬೇಡ, ರ‍್ಯಾಂಡಮ್ ಫಾರೆಸ್ಟ್ (ಹಲವು ನಿರ್ಧಾರ-ಮರಗಳ ಮತದಿಂದ ವರ್ಗ ಹೇಳುವ ವಿಧಾನ) ಸಾಕು.

ಹೆಚ್ಚಿನವರು ಎಡವುವುದು ಇಲ್ಲಿ: ತುಂಡುಗಳನ್ನು ಕಲಸಿ ಹಂಚಿದರೆ ಒಂದೇ ಸ್ಫೋಟದ ಎರಡು ಕೇಂದ್ರಗಳ ದಾಖಲೆ ಕಲಿಕೆಗೂ ಪರೀಕ್ಷೆಗೂ ಹೋಗಿ ಅಂಕ ಸುಳ್ಳಾಗಿ ಏರುತ್ತದೆ. ದಿನಾಂಕದ ಪ್ರಕಾರ ಬೇರ್ಪಡಿಸಿ. ಘಟನೆ ನಡೆದ ಹೊತ್ತನ್ನು ಮಾತ್ರ ಮಾದರಿಗೆ ಕೊಡಲೇಬೇಡಿ; ಹಗಲು ಬಂದದ್ದೆಲ್ಲ ಬ್ಲಾಸ್ಟಿಂಗ್ ಎಂದು ಕಲಿತುಬಿಡುತ್ತದೆ. ಅದಿರು ಲಾರಿಗಳ ಸದ್ದಿಗೂ ಪ್ರತ್ಯೇಕ ವರ್ಗ ಇಡಿ, ಇಲ್ಲವಾದರೆ ಅದನ್ನು ಬೇರೆ ಯಾವುದೋ ವರ್ಗಕ್ಕೆ ಸೇರಿಸಿಬಿಡುತ್ತದೆ.