ಲೇತಿನ ಮುಂದೆ ಯಾವ ರೋಬಾಟ್ ತೋಳು?

ಪ್ರಶ್ನೆ: ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತಿಗೆ ಜಾಬ್ (ಕಡೆಯಬೇಕಾದ ತುಂಡು) ಹಾಕಿ ತೆಗೆಯಲು ಚಿಕ್ಕ ರೋಬಾಟ್ ತೋಳೊಂದನ್ನು ಕೊಳ್ಳಬೇಕೆಂದಿದ್ದೇವೆ. ಜಾಬಿನ ತೂಕ 1.2 ಕಿಲೋ, ಒಂದು ಜಾಬಿಗೆ ಲೇತು 90 ಸೆಕೆಂಡು ತೆಗೆದುಕೊಳ್ಳುತ್ತದೆ. ಎಬಿಬಿಯ ಐಆರ್‌ಬಿ 120 (ಹೊರುವ ತೂಕ 3 ಕಿಲೋ, ಚಾಚು 580 ಮಿ.ಮೀ.) ಮತ್ತು ಫನುಕ್‌ನ ಎಲ್‌ಆರ್ ಮೇಟ್ 200ಐಡಿ (7 ಕಿಲೋ, 717 ಮಿ.ಮೀ.), ಇವೆರಡರಲ್ಲಿ ಯಾವುದು ಸೂಕ್ತ? ಸುರಕ್ಷತಾ ಬೇಲಿಯ ಖರ್ಚು ಉಳಿಸಲು ಕೋಬಾಟ್ (ಮನುಷ್ಯರ ಪಕ್ಕದಲ್ಲೇ ಕೆಲಸ ಮಾಡುವಂತೆ ರೂಪಿಸಿದ ರೋಬಾಟ್) ಕೊಳ್ಳಬಹುದೇ?

ಉತ್ತರ: 1.2 ಕಿಲೋ ಜಾಬಿಗೆ 3 ಕಿಲೋ ಸಾಮರ್ಥ್ಯದ ತೋಳು ಧಾರಾಳವಾಯಿತೆಂದು ಅನ್ನಿಸುವುದು ಸಹಜ. ಆದರೆ ಕ್ಯಾಟಲಾಗಿನ ಪೇಲೋಡ್ (ಹೊರಬಲ್ಲ ತೂಕ) ಎಂಬುದು ಮಣಿಕಟ್ಟಿನ ಫ್ಲ್ಯಾಂಜಿನಿಂದ, ಅಂದರೆ ಗ್ರಿಪ್ಪರ್ (ಜಾಬನ್ನು ಹಿಡಿಯುವ ಸಾಧನ) ಕೂರಿಸುವ ತಟ್ಟೆಯಿಂದ, ಮುಂದಕ್ಕೆ ತೂಗುವ ಎಲ್ಲವನ್ನೂ ಒಳಗೊಂಡ ಲೆಕ್ಕ. ಮುಗಿದ ಜಾಬನ್ನು ಒಂದು ಹಿಡಿಯಿಂದ ತೆಗೆದು, ಹೊಸದನ್ನು ಇನ್ನೊಂದರಿಂದ ಕೂಡಲೇ ಇಡುವ ಜೋಡಿ ಗ್ರಿಪ್ಪರ್ ಹಾಕಿದಿರಾದರೆ ತೋಳು ಎರಡು ಜಾಬುಗಳನ್ನು ಒಟ್ಟಿಗೆ ಹೊರಬೇಕಾದ ಸಂದರ್ಭ ಬರುತ್ತದೆ, ಗ್ರಿಪ್ಪರ್ 1.4 ಕಿಲೋ ಇದ್ದರೂ ಮೊತ್ತ 3.8 ಕಿಲೋ ಆಗಿ, ಮೊದಲ ತೋಳು ಅಲ್ಲಿಗೇ ಕೈಬಿಟ್ಟುಹೋಗುತ್ತದೆ. ತೂಕದಷ್ಟೇ ಮುಖ್ಯವಾದುದು ಆ ತೂಕ ಫ್ಲ್ಯಾಂಜಿನಿಂದ ಎಷ್ಟು ದೂರದಲ್ಲಿದೆ ಎಂಬುದು. ಉದ್ದನೆಯ ಗ್ರಿಪ್ಪರಿನ ತುದಿಯಲ್ಲಿರುವ ಜಾಬು ಪೇಲೋಡಿನ ಮಿತಿಯೊಳಗಿದ್ದೂ ಮಣಿಕಟ್ಟಿನ ಅಕ್ಷಗಳ (ತಿರುಗುವ ಕೀಲುಗಳ) ಮೊಮೆಂಟ್ (ತೂಕ ದೂರದಿಂದ ಉಂಟುಮಾಡುವ ತಿರುಗಿಸುವ ಪರಿಣಾಮ) ಮತ್ತು ಜಡತ್ವದ (ತಿರುಗಿಸುವುದಕ್ಕೆ ಒಡ್ಡುವ ಪ್ರತಿರೋಧದ) ಮಿತಿಯನ್ನು ಮೀರಬಹುದು. ತೂಕ, ಮೊಮೆಂಟ್, ಜಡತ್ವ ಈ ಮೂರನ್ನೂ ಬರೆದು ಲೆಕ್ಕ ಹಾಕದೆ ಆರ್ಡರ್ ಕೊಡಬೇಡಿ.

ಚಾಚಿನ ವಿಷಯದಲ್ಲೂ ಇದೇ ಎಚ್ಚರ ಬೇಕು. 717 ಮಿ.ಮೀ. ಎಂಬುದು ತೋಳು ನೆಟ್ಟಗೆ ಚಾಚಿದಾಗಿನ ಅಳತೆ. ಆ ಅಂಚಿನಲ್ಲಿ ಬೇಕಾದ ದಿಕ್ಕಿಗೆಲ್ಲ ತಿರುಗಲು ಅದಕ್ಕೆ ಆಸ್ಪದವಿರುವುದಿಲ್ಲ. ಜೊತೆಗೆ, ಐದನೆಯ ಅಕ್ಷ ಸೊನ್ನೆ ಡಿಗ್ರಿಗೆ ಬಂದು ನಾಲ್ಕನೆಯ ಮತ್ತು ಆರನೆಯ ಅಕ್ಷಗಳು ಒಂದೇ ಸಾಲಿನಲ್ಲಿ ನಿಂತರೆ, ಚಕ್ಕಿನೊಳಕ್ಕೆ (ಲೇತಿನಲ್ಲಿ ಜಾಬನ್ನು ಹಿಡಿಯುವ ಭಾಗದೊಳಕ್ಕೆ) ನೇರ ಗೆರೆಯಲ್ಲಿ ಸಾಗಬೇಕಾದ ತೋಳು ತಡವರಿಸಿ ನಿಂತುಬಿಡುತ್ತದೆ. ಪೀಠದ ಎತ್ತರವನ್ನು ಬದಲಿಸಿದರೆ ಅಥವಾ ಗ್ರಿಪ್ಪರನ್ನು ಕೋನ ಕೊಟ್ಟು ಕೂರಿಸಿದರೆ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ.

ವೇಗಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ: 90 ಸೆಕೆಂಡು ಲೇತೇ ದುಡಿಯುವಾಗ ನೀವು ಉಳಿಸಬೇಕಾದುದು ಬಾಗಿಲು ತೆರೆದಿರುವ ಕೆಲವು ಸೆಕೆಂಡುಗಳನ್ನು ಮಾತ್ರ, ಅದನ್ನು ಜೋಡಿ ಗ್ರಿಪ್ಪರೇ ಉಳಿಸಿಕೊಡುತ್ತದೆ. ಕೂಲಂಟ್ (ಕಡೆಯುವಾಗ ಬಳಸುವ ತಂಪುಗೊಳಿಸುವ ದ್ರವ) ಸಿಡಿಯುವ ಜಾಗಕ್ಕೆ ಐಪಿ67 (ಧೂಳು, ನೀರು ಒಳಹೋಗದ) ರಕ್ಷಣೆಯ ತೋಳು ಒಳ್ಳೆಯದು. ಆದರೂ ಆ ಪರೀಕ್ಷೆ ನಡೆಯುವುದು ನೀರಿನಲ್ಲಿ. ನಿಮ್ಮ ಕೂಲಂಟನ್ನು ಸೀಲುಗಳು ತಾಳುತ್ತವೆಯೇ ಎಂದು ತಯಾರಕರಿಂದ ಲಿಖಿತವಾಗಿ ಕೇಳಿ.

ಕೋಬಾಟ್ ಕೊಂಡ ಮಾತ್ರಕ್ಕೆ ಬೇಲಿ ಅನಗತ್ಯವಾಗುವುದಿಲ್ಲ. ಸುರಕ್ಷತೆಯನ್ನು ಅಳೆಯುವುದು ತೋಳೊಂದನ್ನೇ ನೋಡಿ ಅಲ್ಲ, ಗ್ರಿಪ್ಪರ್, ಜಾಬು, ಚಲನೆಯ ದಾರಿ ಎಲ್ಲವೂ ಸೇರಿದ ವ್ಯವಸ್ಥೆಯನ್ನು ನೋಡಿ. ಕೈಗಾರಿಕಾ ರೋಬಾಟ್‌ಗಳ ಸುರಕ್ಷತೆಯ ಐಎಸ್‌ಒ 10218 ಮಾನಕವೂ ಅಪಾಯದ ಮೌಲ್ಯಮಾಪನವನ್ನು ಹಾಗೆಯೇ ಬಯಸುತ್ತದೆ. ಈಗಷ್ಟೇ ಕಡೆದ ಜಾಬಿನ ಹರಿತವಾದ ಅಂಚು, ಅದನ್ನು ಹಿಡಿದ ತೋಳು ಎಷ್ಟೇ ಮೆದುವಾಗಿ ತಾಕಿದರೂ, ಕೆಲಸಗಾರನ ಕೈಯನ್ನು ಸೀಳಬಲ್ಲದು.

ಹೀಗಾಗಿ ನಿಮ್ಮ ಕೆಲಸಕ್ಕೆ ಬೇಲಿಯೊಳಗಿನ 7 ಕಿಲೋ ತೋಳನ್ನೇ ನಾನು ಸೂಚಿಸುತ್ತೇನೆ. ಹಣ ಕಟ್ಟುವ ಮೊದಲು, ನಿಮ್ಮ ಲೇತಿನ ಬಾಗಿಲು ಮತ್ತು ಚಕ್ಕಿನ ನಿಜವಾದ ಅಳತೆಗಳನ್ನು ಕೊಟ್ಟು ಕಂಪ್ಯೂಟರಿನಲ್ಲಿ ಸಿಮ್ಯುಲೇಷನ್ (ಅಣಕು ಓಡಾಟ) ಮಾಡಿಸಿ. ಗ್ರಿಪ್ಪರ್ ಬಾಗಿಲಿಗೆ ತಗಲುವುದಿದ್ದರೆ ಅಲ್ಲೇ ಗೊತ್ತಾಗುತ್ತದೆ.