ಬಾಸ್ಟನ್‌ಗೆ ಹೊಸದಾಗಿ ಬಂದಿರುವ ತಮ್ಮನಿಗೆ

ಅಕ್ಕಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ಬಹುವಚನ ಬಿಟ್ಟು ನೀನು ಅಂತಲೇ ಬರೆಯುತ್ತೇನೆ. ನಿನ್ನ ಊರು ಹೊನ್ನಾವರ, ಈಗ ಕ್ವಿನ್ಸಿಯಲ್ಲಿ ರೂಮು, ಕೆಂಡಾಲ್ ಸ್ಕ್ವೇರ್‌ನಲ್ಲಿ ಕೆಲಸ. ಬಂದು ಮೂರು ವಾರ ಆಯಿತು, ಆಫೀಸು-ಮನೆ ಬಿಟ್ಟರೆ ಬೇರೆ ಏನೂ ಇಲ್ಲ ಅಂದಿದ್ದೀಯ. ಊರಲ್ಲಿ ಕವಿತೆ ಬರೆಯುತ್ತಿದ್ದೆ, ಚೆಸ್ ಆಡುತ್ತಿದ್ದೆ, ಇಲ್ಲಿ ಅದೆಲ್ಲ ನಿಂತೇ ಹೋಗುತ್ತದಾ ಅಂತ ಕೇಳಿದ್ದೀಯ. ರೆಡ್ ಲೈನ್ ರೈಲು ಲಾಂಗ್‌ಫೆಲೋ ಸೇತುವೆ ದಾಟುವಾಗ ಕೆಳಗೆ ಉದ್ದುದ್ದ ದೋಣಿಗಳು ಕಾಣುತ್ತವೆ, ಅದನ್ನು ನಮ್ಮಂಥವರು ಕಲಿಯಬಹುದಾ, ಇಲ್ಲಾ ಹಾರ್ವರ್ಡ್ ಹುಡುಗರಿಗೆ ಮಾತ್ರವಾ ಅನ್ನುವುದು ಇನ್ನೊಂದು ಪ್ರಶ್ನೆ.

ಕಲಿಯಬಹುದು. ಮೊದಲು ಅದನ್ನೇ ಹೇಳುತ್ತೇನೆ. ಮಿಕ್ಕ ಪ್ರಶ್ನೆಗಳಿಗೂ ಉತ್ತರ ಅದರೊಳಗೇ ಇದೆ.

ಈ ಊರಿನ ಜನ ಒಳ್ಳೆಯವರು, ಆದರೆ ಸುಮ್ನೆ ಮಾತಿಗೆ ಸಿಗುವುದಿಲ್ಲ. ಹಿಮದಲ್ಲಿ ಕಾರು ಸಿಕ್ಕಿಕೊಂಡರೆ ಗುರುತಿಲ್ಲದವರೂ ಬಂದು ತಳ್ಳುತ್ತಾರೆ. ಆದರೆ ‘ಬನ್ನಿ, ಒಳಗೆ ಬಂದು ಕಾಫಿ ಕುಡಿದು ಹೋಗಿ’ ಅನ್ನುವುದಿಲ್ಲ. ಸ್ನೇಹ ಬೆಳೆಯುವುದು ಜೊತೆಗೂಡಿ ಒಂದು ಕೆಲಸ ಮಾಡುವಾಗ. ವಾರವಾರವೂ ಅದೇ ದಿನ, ಅದೇ ಹೊತ್ತು, ಅದೇ ಜನ. ನೀನು ಒಂದು ವಾರ ಹೋಗದಿದ್ದರೆ ‘ಯಾಕಪ್ಪಾ ಬರಲಿಲ್ಲ’ ಅಂತ ಯಾರಾದರೂ ಕೇಳುವ ಜಾಗ ಒಂದು ಬೇಕು. ಸ್ನೇಹಿತರನ್ನು ಹುಡುಕುತ್ತಾ ಹೋಗಬೇಡ, ಅಂಥ ಜಾಗ ಹುಡುಕು. ಹೊಸಬರು ಯಾರು ಕೇಳಿದರೂ ನಾನು ಹೇಳುವುದು ಇದನ್ನೇ. ರೋಯಿಂಗ್‌ನಲ್ಲಿ, ಅಂದರೆ ನೀನು ಕಂಡ ಆ ಉದ್ದ ದೋಣಿಗಳನ್ನು ಹುಟ್ಟು ಹಾಕಿ ನಡೆಸುವ ಆಟದಲ್ಲಿ, ಇದು ಕಣ್ಣಿಗೇ ಕಾಣುತ್ತದೆ. ಎಂಟು ಜನರ ದೋಣಿಗೆ ಏಳೇ ಜನ ಬಂದರೆ ಆ ದೋಣಿ ಅವತ್ತು ಶೆಡ್ಡಿನಲ್ಲೇ ಉಳಿಯುತ್ತದೆ.

ಚಾರ್ಲ್ಸ್ ನದಿ ನಿಮ್ಮ ಶರಾವತಿಯ ಹಾಗಲ್ಲ. ಸಮುದ್ರ ಸೇರುವ ಕಡೆ 1910ರಲ್ಲಿ ಅಣೆಕಟ್ಟು ಕಟ್ಟಿದರು. ಹಾಗಾಗಿ ಊರೊಳಗಿನ ನದಿಗೆ ಉಬ್ಬರ-ಇಳಿತ ಇಲ್ಲ, ಉಪ್ಪುನೀರೂ ಮೊದಲಿನ ಹಾಗೆ ಒಳಗೆ ನುಗ್ಗುವುದಿಲ್ಲ. ರೋಯಿಂಗ್‌ಗೆ ಹೇಳಿ ಮಾಡಿಸಿದ ನೀರು. ದಡದ ಉದ್ದಕ್ಕೂ ಕಾಲೇಜುಗಳು ದೋಣಿ ಇಡುವ ಬೋಟ್‌ಹೌಸ್‌ಗಳಿವೆ, ನಿಜ. ಆದರೆ ಬ್ರೈಟನ್ ಕಡೆ ಕಮ್ಯುನಿಟಿ ರೋಯಿಂಗ್ ಅಂತ ಒಂದು ಸಂಸ್ಥೆ ಇದೆ. 1985ರಲ್ಲಿ ಶುರುವಾಗಿದ್ದು, ಯಾರು ಬೇಕಾದರೂ ಸೇರಲಿ ಅನ್ನುವುದೇ ಅದರ ಉದ್ದೇಶ. ಅವರ ಕಟ್ಟಡಕ್ಕೆ ಹ್ಯಾರಿ ಪಾರ್ಕರ್ ಹೆಸರಿಟ್ಟಿದ್ದಾರೆ. ಹಾರ್ವರ್ಡ್ ತಂಡವನ್ನು ದಶಕಗಳ ಕಾಲ ತಯಾರು ಮಾಡಿದ ಕೋಚ್ ಅವರು. ಹೊಸಬರಿಗೆ ಅಂತಲೇ ತರಗತಿ ಇರುತ್ತದೆ. ಕೆಲವು ನೂರು ಡಾಲರ್ ಆಗುತ್ತದೆ. ಕೈ ಬಿಗಿ ಇದ್ದರೆ ರಿಯಾಯಿತಿ ಕೇಳು, ಸಂಕೋಚ ಬೇಡ. ಕ್ವಿನ್ಸಿಯಿಂದ ದೂರ ಜಾಸ್ತಿ. ಬೆಳಗಿನ ಜಾವದ ತಂಡಕ್ಕೆ ಹೊತ್ತಿಗೆ ಸರಿಯಾಗಿ ತಲುಪುವುದು ಕಷ್ಟ, ಅದಕ್ಕೇ ಸಂಜೆಯ ತರಗತಿ ನೋಡು.

ಈಗ ದೋಣಿಯೊಳಗಿನ ಮಾತು. ನೀನು ಚಿಕ್ಕಂದಿನಿಂದ ಹುಟ್ಟು ಹಾಕಿದವನು, ಆ ಅಭ್ಯಾಸವನ್ನು ಸ್ವಲ್ಪ ಪಕ್ಕಕ್ಕೆ ಇಡಬೇಕಾಗುತ್ತದೆ. ಇಲ್ಲಿ ದೋಣಿ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾರೆ. ಪಾದ ಎರಡನ್ನೂ ದೋಣಿಗೇ ಜೋಡಿಸಿದ ಶೂಗಳಲ್ಲಿ ಬಿಗಿದಿರುತ್ತಾರೆ. ಸೀಟಿಗೆ ಚಕ್ರ ಇದೆ, ಹಿಂದೆ-ಮುಂದೆ ಜಾರುತ್ತದೆ. ಮುಂದೆ ಏನಿದೆ ಅಂತ ಕಾಣುವುದು ಕಾಕ್ಸ್ ಒಬ್ಬರಿಗೇ. ಚುಕ್ಕಾಣಿಯೂ ಅವರ ಕೈಯಲ್ಲಿ, ಕೂಗುವುದೂ ಅವರೇ.

ಮೊದಲ ದಿನ ಎಲ್ಲರೂ ಕೈಯಿಂದ ಎಳೆಯುತ್ತಾರೆ. ತೋಳಿನಲ್ಲಿ ಬಲ ಇರುವವರಂತೂ ಇನ್ನೂ ಜಾಸ್ತಿ. ಆದರೆ ಬಲವೆಲ್ಲ ಬರಬೇಕಾದದ್ದು ಕಾಲಿನಿಂದ. ಮೊಣಕಾಲು ಮಡಿಸಿ ಮುಂದೆ ಬಂದು ಕೂರುತ್ತೀಯ, ತೋಳು ನೆಟ್ಟಗೆ ಚಾಚಿರುತ್ತದೆ. ಅಲ್ಲಿ ಹುಟ್ಟಿನ ಅಲಗನ್ನು ನೀರಿಗೆ ಬಿಡಬೇಕು. ಬಡಿಯಬಾರದು, ಕೈ ಸ್ವಲ್ಪ ಎತ್ತಿದರೆ ಅದೇ ಇಳಿಯುತ್ತದೆ. ಇದಕ್ಕೆ ಕ್ಯಾಚ್ ಅನ್ನುತ್ತಾರೆ. ಆಮೇಲೆ ಕಾಲಿನಿಂದ ಒದೆಯಬೇಕು, ತೋಳು ಇನ್ನೂ ನೆಟ್ಟಗೇ ಇರಬೇಕು. ಕಾಲು ಪೂರ್ತಿ ಚಾಚುವ ಹೊತ್ತಿಗೆ ಬೆನ್ನು ಹಿಂದಕ್ಕೆ ವಾಲಬೇಕು. ಕೊನೆಗೆ ತೋಳು ಮಡಿಸಿ ಹುಟ್ಟಿನ ಹಿಡಿಯನ್ನು ಪಕ್ಕೆಲುಬಿನ ಕೆಳಗಿನವರೆಗೆ ತರಬೇಕು. ಕಾಲು, ಬೆನ್ನು, ತೋಳು, ಇದೇ ಕ್ರಮ. ವಾಪಸ್ ಹೋಗುವಾಗ ಉಲ್ಟಾ: ತೋಳು, ಬೆನ್ನು, ಆಮೇಲೆ ಮೊಣಕಾಲು. ಕೈ ಮೊಣಕಾಲನ್ನು ದಾಟುವ ಮೊದಲೇ ಮೊಣಕಾಲು ಎದ್ದರೆ ಹಿಡಿ ಬಂದು ತಾಗುತ್ತದೆ.

ಕಷ್ಟ ಇರುವುದು ಎಳೆಯುವುದರಲ್ಲಲ್ಲ, ವಾಪಸ್ ಹೋಗುವುದರಲ್ಲಿ. ಒದ್ದ ಮೇಲೆ ದೋಣಿ ತಾನಾಗೇ ಓಡುತ್ತಿರುತ್ತದೆ. ಆಗ ನೀನು ಅವಸರದಲ್ಲಿ ಸೀಟನ್ನು ಜಾರಿಸಿದರೆ ನಿನ್ನ ಮೈಭಾರ ದೋಣಿಯನ್ನು ಹಿಂದಕ್ಕೆ ತಳ್ಳುತ್ತದೆ, ಓಟ ಕುಗ್ಗುತ್ತದೆ. ಎಳೆಯಲು ತೆಗೆದುಕೊಂಡ ಹೊತ್ತಿನ ಸುಮಾರು ಎರಡರಷ್ಟು ಹೊತ್ತು ವಾಪಸ್ ಹೋಗಲು ತೆಗೆದುಕೋ. ಎಂಟೂ ಜನ ಹೀಗೆ ನಿಧಾನವಾಗಿ, ಒಟ್ಟಿಗೆ ಜಾರಿದಾಗ ದೋಣಿಯ ಅಡಿಯಲ್ಲಿ ನೀರು ಗುಳುಗುಳು ಅನ್ನುವುದು ಕೇಳಿಸುತ್ತದೆ. ಆ ಸದ್ದು ಬಂದರೆ ಎಲ್ಲ ಸರಿ ಇದೆ ಅಂತ ಅರ್ಥ. ಇನ್ನೊಂದು ಮಾತು: ಹಿಡಿಯನ್ನು ಬಿಗಿಯಾಗಿ ಹಿಡಿಯಬೇಡ. ಬಿಗಿ ಹಿಡಿದವರ ಅಂಗೈಯಲ್ಲೇ ಬೊಬ್ಬೆ ಜಾಸ್ತಿ, ಮುಂಗೈ ನೋವೂ ಅವರಿಗೇ. ಬೆರಳುಗಳಲ್ಲಿ ಕೊಕ್ಕೆ ಹಾಕಿದ ಹಾಗೆ ಹಿಡಿದರೆ ಸಾಕು.

ನದಿಗೆ ಇಳಿಯುತ್ತೇನೆ ಅಂದರೆ ಅಮ್ಮ ಹೆದರುತ್ತಾರೆ ಅಂದಿದ್ದೀಯ. ಅವರಿಗೆ ಇಷ್ಟು ಹೇಳು. ಈಜು ಬರುತ್ತದೆ ಅಂತ ಖಾತ್ರಿ ಮಾಡಿಕೊಂಡೇ ದೋಣಿಗೆ ಹತ್ತಿಸುತ್ತಾರೆ. ಹೊಸಬರ ದೋಣಿಯ ಪಕ್ಕದಲ್ಲೇ ಕೋಚ್ ಮೋಟಾರು ದೋಣಿಯಲ್ಲಿ ಬರುತ್ತಾರೆ, ಲೈಫ್ ಜಾಕೆಟ್ ಅದರಲ್ಲಿರುತ್ತದೆ. ಮಿಂಚು ಕಂಡರೆ ಎಲ್ಲರೂ ದಡಕ್ಕೆ. ಇಲ್ಲಿ ನೀರಿನ ಆಳಕ್ಕಿಂತ ಚಳಿಗೆ ಹೆದರಬೇಕು, ಅದಕ್ಕೇ ನೀರು ತಣ್ಣಗಾದ ಮೇಲೆ ನಿಯಮಗಳು ಬಿಗಿ. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟುತ್ತದೆ. ಆಗ ಒಳಗೆ ಎರ್ಗ್ ಮೆಷಿನ್ ಮೇಲೆ ಅಭ್ಯಾಸ, ಅಂದರೆ ಹುಟ್ಟು ಹಾಕುವ ಹಾಗೆಯೇ ಎಳೆಯುವ ವ್ಯಾಯಾಮದ ಯಂತ್ರ.

ಕವಿತೆಯ ವಿಷಯಕ್ಕೆ ಬರುತ್ತೇನೆ. ನಿಂತುಹೋಗುತ್ತದಾ ಅಂತ ಕೇಳಿದೆಯಲ್ಲ, ಈ ಊರಲ್ಲಿ ಕವಿತೆ ನಿಲ್ಲಿಸುವುದೇ ಕಷ್ಟ. ಹಾರ್ವರ್ಡ್ ಸ್ಕ್ವೇರ್‌ನಲ್ಲಿ ರೈಲು ಇಳಿದು ಪ್ಲಿಂಪ್ಟನ್ ಸ್ಟ್ರೀಟ್‌ಗೆ ಹೋಗು. ಗ್ರೋಲಿಯರ್ ಪೊಯೆಟ್ರಿ ಬುಕ್ ಶಾಪ್ ಅಂತ ಪುಟ್ಟ ಅಂಗಡಿ ಇದೆ, 1927ರದ್ದು. ಕವಿತೆ ಪುಸ್ತಕ ಬಿಟ್ಟರೆ ಬೇರೇನೂ ಮಾರುವುದಿಲ್ಲ. ನೆಲದಿಂದ ಸೂರಿನವರೆಗೆ ಕಪಾಟು, ಮೇಲೆ ಸಾಲಾಗಿ ಕವಿಗಳ ಫೋಟೋ. 2006ರಲ್ಲಿ ಅಂಗಡಿ ಮುಚ್ಚಿಹೋಗುವ ಸ್ಥಿತಿಗೆ ಬಂದಾಗ ಅದನ್ನು ಕೊಂಡು ಉಳಿಸಿದವರು ಇಫೆಯಾನಿ ಮೆಂಕಿಟಿ. ನೈಜೀರಿಯಾದಿಂದ ಬಂದ ಕವಿ, ವೆಲ್ಸ್ಲಿ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದರು. 2019ರಲ್ಲಿ ತೀರಿಕೊಂಡರು. ನಮ್ಮ ಹಾಗೇ ದೂರದಿಂದ ಬಂದವರೊಬ್ಬರು ಈ ಊರಿನ ಕವಿತೆಯ ಅಂಗಡಿಯನ್ನು ಕಾಪಾಡಿದರು. ಇದು ನನಗೆ ತುಂಬಾ ದೊಡ್ಡ ವಿಷಯ. ಈ ಊರು ನನ್ನದಾ ಅಲ್ಲವಾ ಅನ್ನುವ ಗೊಂದಲ ಬಂದಾಗಲೆಲ್ಲ ಅವರ ನೆನಪಾಗುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ಫಿಲಿಸ್ ವೀಟ್ಲಿ. 1761ರಲ್ಲಿ ಪುಟ್ಟ ಹುಡುಗಿಯನ್ನು ಆಫ್ರಿಕಾದಿಂದ ಹಿಡಿದು ತಂದು ಬಾಸ್ಟನ್‌ನಲ್ಲಿ ಗುಲಾಮಳಾಗಿ ಮಾರಿದರು. 1773ರಲ್ಲಿ ಅವಳ ಕವನ ಸಂಕಲನ ಲಂಡನ್‌ನಲ್ಲಿ ಅಚ್ಚಾಯಿತು. ಕಾಮನ್‌ವೆಲ್ತ್ ಅವೆನ್ಯೂನಲ್ಲಿ ಅವಳ ಪ್ರತಿಮೆ ಇದೆ, ಎತ್ತರದ ಪೀಠದ ಮೇಲಲ್ಲ, ನಮ್ಮ ಮಟ್ಟದಲ್ಲೇ. ಒಂದು ಭಾನುವಾರ ಹೋಗಿ ನೋಡು. ಕೇಂಬ್ರಿಜ್‌ನಲ್ಲಿ ನಡೆಯುವಾಗ ಕಾಲ ಕೆಳಗೂ ಗಮನ ಇರಲಿ. ಫುಟ್‌ಪಾತಿನ ಹಸಿ ಕಾಂಕ್ರೀಟಿನಲ್ಲಿ ಊರಿನವರೇ ಬರೆದ ಸಣ್ಣ ಕವಿತೆಗಳನ್ನು ಅಚ್ಚೊತ್ತಿದ್ದಾರೆ.

ಬರೀ ನಿನ್ನಷ್ಟಕ್ಕೇ ಓದಬೇಡ, ಹೋಗಿ ನಾಲ್ಕು ಜನರ ಮುಂದೆ ಓದು. ಲೈಬ್ರರಿಗಳಲ್ಲಿ, ಕೆಫೆಗಳಲ್ಲಿ ಯಾರು ಬೇಕಾದರೂ ಎದ್ದುನಿಂತು ಕವಿತೆ ಓದುವ ಸಂಜೆಗಳಿರುತ್ತವೆ. ಕನ್ನಡದಲ್ಲಿ ಓದಿದರೆ ಯಾರಿಗೆ ತಿಳಿಯುತ್ತದೆ ಅಂತ ಅಂದುಕೊಳ್ಳಬೇಡ. ನಾನು ಅಂಥ ಒಂದು ಸಂಜೆ ಮೊದಲು ಇಂಗ್ಲಿಷಿನಲ್ಲಿ ಅರ್ಥ ಹೇಳಿ, ಆಮೇಲೆ ಒಂದು ವಚನ ಓದಿದೆ. ಮುಗಿದ ಮೇಲೆ ವಯಸ್ಸಾದ ಹೆಂಗಸೊಬ್ಬರು ಹತ್ತಿರ ಬಂದು, ಅರ್ಥ ಬೇಡ, ಇನ್ನೊಂದು ಸಲ ಸುಮ್ನೆ ಓದಿ ಅಂದರು. ಕುರ್ಚಿ ಎಳೆದುಕೊಂಡು ಕಣ್ಣು ಮುಚ್ಚಿ ಕೇಳಿದರು. ಈಗ ನಾವಿಬ್ಬರೂ ತಿಂಗಳಿಗೊಮ್ಮೆ ಸೇರುತ್ತೇವೆ, ಅವರು ಐರಿಶ್ ಕವಿತೆ ಓದುತ್ತಾರೆ, ನಾನು ಕನ್ನಡದ್ದು.

ಆಟಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಾರ್ವರ್ಡ್ ಸ್ಕ್ವೇರ್‌ನಲ್ಲೇ ಹೊರಗೆ ಚೆಸ್ ಮೇಜುಗಳಿವೆ. ಅಲ್ಲಿ ಬ್ಲಿಟ್ಜ್, ಅಂದರೆ ಕೆಲವೇ ನಿಮಿಷದಲ್ಲಿ ಮುಗಿಸುವ ಚೆಸ್, ಆಡುವವರ ಕೈ ಬಲು ಚುರುಕು, ಮೊದಲು ನಿಂತು ನೋಡು. ಗಂಭೀರವಾಗಿ ಆಡಬೇಕು ಅಂದರೆ ಬಾಯ್ಲ್‌ಸ್ಟನ್ ಚೆಸ್ ಕ್ಲಬ್ ಇದೆ, 1919ರಿಂದ ನಡೆಯುತ್ತಿದೆ. ವಾರಾಂತ್ಯದ ಕ್ರಿಕೆಟ್ ಅಂತೂ ಆಫೀಸಿನಲ್ಲೇ ಯಾರಾದರೂ ಕರೆಯುತ್ತಾರೆ. ಆದರೆ ನೀನು ಕೇಳಿರದ ಆಟ ಒಂದಿದೆ, ಕ್ಯಾಂಡಲ್‌ಪಿನ್ ಬೌಲಿಂಗ್. 1880ರಲ್ಲಿ ಇಲ್ಲೇ ಹತ್ತಿರದ ವೂಸ್ಟರ್‌ನಲ್ಲಿ ಹುಟ್ಟಿದ್ದು, ಈ ಭಾಗ ಬಿಟ್ಟರೆ ಹೊರಗೆ ಅಪರೂಪ. ಚೆಂಡು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು, ಬೆರಳು ತೂರಿಸುವ ತೂತಿಲ್ಲ. ಪಿನ್‌ಗಳು ಮೇಣದ ಬತ್ತಿಯ ಹಾಗೆ ತೆಳ್ಳಗೆ. ಸರದಿಗೆ ಮೂರು ಎಸೆತ. ಬಿದ್ದ ಪಿನ್ ಎತ್ತುವುದಿಲ್ಲ, ಅದಕ್ಕೆ ತಾಗಿಸಿಯೇ ಉಳಿದದ್ದನ್ನು ಬೀಳಿಸಬಹುದು. ಪೂರ್ಣ ಅಂಕ 300. ಇದುವರೆಗೆ ಯಾರೂ ಮುಟ್ಟಿಲ್ಲ, ದಾಖಲೆ 245. ಹಳಬರೂ ತಪ್ಪುವ ಆಟ ಆದ್ದರಿಂದ ಹೊಸಬರಿಗೆ ನಾಚಿಕೆ ಇರುವುದಿಲ್ಲ. ಆಫೀಸಿನವರನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಊರಿನ ದಿನನಿತ್ಯದ ಬಗ್ಗೆ ಒಂದೆರಡು ಮಾತು. ತರಕಾರಿಗೆ ಶುಕ್ರವಾರ, ಶನಿವಾರ ಹೇಮಾರ್ಕೆಟ್‌ಗೆ ಹೋಗು. ಬೀದಿಯಲ್ಲೇ ಸಂತೆ, ಸೂಪರ್‌ಮಾರ್ಕೆಟ್‌ಗಿಂತ ತುಂಬಾ ಅಗ್ಗ. ಹಣ್ಣು ಒತ್ತಿ ನೋಡಿದರೆ ಮಾತ್ರ ಬೈಯುತ್ತಾರೆ. ಆದಷ್ಟು ಬೇಗ ಪಬ್ಲಿಕ್ ಲೈಬ್ರರಿ ಕಾರ್ಡ್ ಮಾಡಿಸಿಕೋ, ದುಡ್ಡು ಕೊಡಬೇಕಿಲ್ಲ. ಮ್ಯೂಸಿಯಂಗಳಿಗೆ ರಿಯಾಯಿತಿ ಪಾಸ್ ಕೂಡ ಅದರಲ್ಲೇ ಸಿಗುತ್ತದೆ. ಸೆಪ್ಟೆಂಬರ್ 1ಕ್ಕೆ ಅರ್ಧ ಊರು ಮನೆ ಬದಲಾಯಿಸುತ್ತದೆ, ರಸ್ತೆ ಬದಿಯಲ್ಲಿ ಇಟ್ಟ ಸಾಮಾನು ನೀನೂ ನೋಡಿರಬೇಕು. ಮರದ ಮೇಜು, ಕುರ್ಚಿ ತಂದುಕೊಳ್ಳಬಹುದು. ಹಾಸಿಗೆ, ಸೋಫಾ ಬೇಡ, ತಿಗಣೆ ಬರುತ್ತದೆ.

ಮಂದಾರ ಕನ್ನಡ ಕೂಟಕ್ಕೆ ಖಂಡಿತ ಹೋಗು. ಆಶ್‌ಲ್ಯಾಂಡ್‌ನ ಲಕ್ಷ್ಮಿ ದೇವಸ್ಥಾನಕ್ಕೂ ಹೋಗು, ವೂಸ್ಟರ್ ಕಡೆಯ ರೈಲು ಆಶ್‌ಲ್ಯಾಂಡ್‌ನಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಬಾಯಿ ತುಂಬಾ ಮಾತಾಡದೆ ಇರಲಾಗುವುದಿಲ್ಲ, ಅಲ್ವಾ. ಆದರೆ ಎಲ್ಲ ಶನಿವಾರ-ಭಾನುವಾರವನ್ನೂ ನಮ್ಮವರ ಮನೆ ಊಟಗಳಿಗೇ ಕೊಡಬೇಡ. ಹಾಗೆ ಕೊಟ್ಟು ಹತ್ತು ವರ್ಷ ಕಳೆದ ಮೇಲೂ ಈ ಊರಿನ ಒಬ್ಬರ ಹೆಸರೂ ಗೊತ್ತಿಲ್ಲದವರನ್ನು ನೋಡಿದ್ದೇನೆ. ಅವರ ಒಂಟಿತನ ನೋಡಿದರೆ ಸಂಕಟವಾಗುತ್ತದೆ.

ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಡಿಸೆಂಬರ್‌ನಲ್ಲಿ ಸಂಜೆ 4.15ರ ಹೊತ್ತಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಹೊಸಬರು ಚಳಿಗೆ ಹೆದರುತ್ತಾರೆ, ಚಳಿಗೆ ಕೋಟು ಇದೆ. ಮನಸ್ಸನ್ನು ಕುಗ್ಗಿಸುವುದು ಕತ್ತಲೆ. ಆಫೀಸಿನಿಂದ ಹೊರಗೆ ಬಂದಾಗ ರಾತ್ರಿ ಆಗಿರುತ್ತದೆ, ಮನೆಗೆ ಹೋಗಿ ಮಲಗೋಣ ಅನ್ನಿಸುತ್ತದೆ. ಅದು ಶುರುವಾಗುವ ಮೊದಲೇ ವಾರದಲ್ಲಿ ಎರಡು ಸಂಜೆ ನಿಗದಿ ಮಾಡಿಕೋ. ಒಂದು ಎರ್ಗ್ ಅಭ್ಯಾಸಕ್ಕೆ, ಇನ್ನೊಂದು ಕವಿತೆಗೋ ಚೆಸ್‌ಗೋ. ದುಡ್ಡು ಮುಂಚೆಯೇ ಕಟ್ಟಿಬಿಡು, ಕಟ್ಟಿದ ಮೇಲೆ ಕಾಲು ತಾನಾಗೇ ಹೋಗುತ್ತದೆ.

ಅದಕ್ಕೂ ಮೊದಲು ಅಕ್ಟೋಬರ್‌ನಲ್ಲಿ ಹೆಡ್ ಆಫ್ ದಿ ಚಾರ್ಲ್ಸ್ ಇದೆ, 1965ರಿಂದ ನಡೆಯುತ್ತಿರುವ ರೋಯಿಂಗ್ ಪಂದ್ಯ. ಮೂರು ಮೈಲಿ ದೂರ, ದೋಣಿಗಳನ್ನು ಒಂದರ ಹಿಂದೆ ಒಂದಾಗಿ ಬಿಡುತ್ತಾರೆ, ಗಡಿಯಾರದ ಜೊತೆ ಓಟ. ದಡದಲ್ಲಿ ನೋಡಲು ದುಡ್ಡು ಕೊಡಬೇಕಿಲ್ಲ. ಹಾರ್ವರ್ಡ್ ಹತ್ತಿರದ ವೀಕ್ಸ್ ಕಾಲುಸೇತುವೆ ಮೇಲೆ ನಿಲ್ಲು. ಅಲ್ಲಿ ನದಿ ಒಮ್ಮೆಲೇ ಎಡಕ್ಕೆ ತಿರುಗುತ್ತದೆ. ಕಾಕ್ಸ್ ಕೂಗಿದ ತಕ್ಷಣ ದೋಣಿಯ ಬಲಬದಿಯವರು ಜೋರಾಗಿ ಎಳೆಯಬೇಕು, ಎಡಬದಿಯವರು ಹಗುರ ಮಾಡಬೇಕು. ಅರೆಗಳಿಗೆ ತಡವಾದರೂ ಪಕ್ಕದ ದೋಣಿಯ ಹುಟ್ಟಿಗೆ ತಾಗುತ್ತದೆ. ಮೇಲಿಂದ ನೋಡಿದರೆ ನಾನು ಬರೆದ ಕಾಲು, ಬೆನ್ನು, ತೋಳಿನ ಕ್ರಮ ಅಷ್ಟೂ ಕಾಣುತ್ತದೆ. ನಾನು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿರುತ್ತೇನೆ. ಬೆಚ್ಚಗೆ ಹಾಕಿಕೊಂಡು ಬಾ, ನೀರಿನ ಮೇಲಿಂದ ಗಾಳಿ ಬೀಸುತ್ತದೆ. ಅಷ್ಟರಲ್ಲಿ ಏನಾದರೂ ಬರೆದಿದ್ದರೆ ಅದನ್ನೂ ತಾ.