ಎದುರಿನಿಂದ ಬರುವ ಸೈಕಲ್

ಕಳೆದ ಸಂಚಿಕೆಯಲ್ಲಿ ಮಕ್ಕಳಿಗೆ ಎಂಥ ಸೈಕಲ್ ಕೊಡಿಸಬೇಕು ಅಂತ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬೇರೆಯದೇ ವಿಷಯ: ರಾಂಗ್ ಸೈಡಿನಲ್ಲಿ ಬರುವ ಸೈಕಲ್‌ಗಳು. ಕೆಲವರಿಗೆ ಸಿಟ್ಟು, ಕೆಲವರಿಗೆ ಭಯ, ಒಬ್ಬರಂತೂ ನನಗೆ ಬೇರೆ ದಾರಿಯೇ ಇಲ್ಲ ಅಂತ ಬರೆದಿದ್ದಾರೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ.

ಪ್ರಶ್ನೆ: ಕಳೆದ ವಾರ ನಮ್ಮ ಲೇಔಟಿನ ಅಡ್ಡರಸ್ತೆಯಿಂದ ಮೇನ್ ರೋಡಿಗೆ ಎಡಕ್ಕೆ ತಿರುಗಿಸುತ್ತಿದ್ದೆ. ಬಲಗಡೆ ನೋಡಿದೆ, ಯಾರೂ ಇರಲಿಲ್ಲ, ಕಾರು ಬಿಟ್ಟೆ. ಎಡಗಡೆಯಿಂದ ಸೈಕಲ್ ಬಂದು ಬಾನೆಟ್ ಮೇಲೆ ಕೈಯೂರಿ ನಿಂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೆ ಸುತ್ತ ಸೇರಿದ ಜನ ನನಗೇ ಬೈದರು. ತಪ್ಪು ಯಾರದ್ದು ಸರ್?
(ಕಾರು ಓಡಿಸುವ ಓದುಗರು, ಬೆಂಗಳೂರು)

ಉತ್ತರ: ತಪ್ಪು ಸೈಕಲಿನವರದ್ದು. ಆದರೆ ಅಷ್ಟಕ್ಕೇ ಬಿಡೋಕಾಗಲ್ಲ, ಯಾಕೆಂದರೆ ನಿಮಗಾದದ್ದು ರಾಂಗ್ ಸೈಡ್ ಸೈಕಲ್ಲಿನ ಅತಿ ದೊಡ್ಡ ಅಪಾಯ. ಎಲ್ಲರೂ ಮುಖಾಮುಖಿ ಡಿಕ್ಕಿಗೆ ಹೆದರುತ್ತಾರೆ, ಆದರೆ ಅಡ್ಡರಸ್ತೆ ಬಾಯಲ್ಲಿ, ಅಪಾರ್ಟ್‌ಮೆಂಟ್ ಗೇಟಿನಲ್ಲಿ, ಪೆಟ್ರೋಲ್ ಬಂಕ್‌ನಿಂದ ಹೊರಗೆ ಬರುವ ಜಾಗದಲ್ಲಿ ಆಗುವುದು ಅವರ ಲೆಕ್ಕದಲ್ಲೇ ಇರುವುದಿಲ್ಲ. ನಮ್ಮಲ್ಲಿ ಗಾಡಿ ಎಡಕ್ಕೆ ಓಡಿಸುವುದು ತಾನೇ? ಹಾಗಾಗಿ ಎಡಕ್ಕೆ ತಿರುಗುವವರು ನೋಡುವುದು ಬಲಕ್ಕೆ. ಗಾಡಿ ಬರುವುದು ಅಲ್ಲಿಂದಲೇ. ಎಡಗಡೆಯಿಂದ ಏನಾದರೂ ಬರಬಹುದು ಅಂತ ತಲೆಗೆ ಹೊಳೆಯುವುದೇ ಇಲ್ಲ.

ನಾನೂ ಒಮ್ಮೆ ಹಾಗೆ ಬಿದ್ದಿದ್ದೇನೆ. ಸುಮಾರು ಹತ್ತು ವರ್ಷದ ಹಿಂದೆ, ಜಯನಗರದಲ್ಲಿ, ಬೆಳಗ್ಗೆ ಆರೂವರೆಗೆ ಹಾಲು ತರೋಕೆ ಹೋಗಿದ್ದೆ. ವಾಪಸ್ ಬರುವಾಗ ಇನ್ನೂರು ಮೀಟರ್ ತಾನೇ ಅಂತ ರಾಂಗ್ ಸೈಡಿನಲ್ಲೇ ಬಂದೆ. ಕ್ರಾಸಿನಿಂದ ಒಂದು ಆಟೊ ಮೂತಿ ಹೊರಗೆ ಹಾಕಿತು. ಡ್ರೈವರ್ ಬಲಕ್ಕೆ ನೋಡುತ್ತಿದ್ದರು. ನನಗೆ ಕಂಡಿದ್ದು ಅವರ ಮುಖವಲ್ಲ, ಎಡಗಿವಿ. ಅವರು ನನ್ನನ್ನು ನೋಡಿಲ್ಲ ಅಂತ ಗೊತ್ತಾಗುವಷ್ಟರಲ್ಲಿ ಆಟೊ ಹೊರಟೇಬಿಟ್ಟಿತು. ಮುಂದಿನ ರಿಮ್ ಬೆಂಡ್ ಆಯಿತು, ಮೊಣಕಾಲು ತರಚಿತು, ಎರಡು ಪ್ಯಾಕೆಟ್ ಹಾಲು ರಸ್ತೆ ಪಾಲಾಯಿತು. ಪಾಪ, ಆ ಡ್ರೈವರ್ ಕೈ ನನ್ನ ಕೈಗಿಂತ ಜಾಸ್ತಿ ನಡುಗುತ್ತಿತ್ತು. ಆವತ್ತಿನಿಂದ ಸರಿಯಾದ ಬದಿಯಲ್ಲಿ ಹೋಗುವಾಗಲೂ ನಾನು ಇದನ್ನೇ ನೋಡುತ್ತೇನೆ: ಡ್ರೈವರ್ ಕಿವಿ ಕಾಣುತ್ತಿದೆಯಾ, ಕಣ್ಣು ಕಾಣುತ್ತಿದೆಯಾ? ಕಿವಿ ಕಂಡರೆ ಬ್ರೇಕ್.

ನಿಮಗೆ ಒಂದೇ ಮಾತು. ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ ಬಿಡಿ. ಎಡದಿಂದ ಸೈಕಲ್ ಮಾತ್ರ ಬರುವುದಿಲ್ಲ, ಫುಟ್‌ಪಾತ್ ಮೇಲೆ ಓಡಿಬರುವ ಮಗುವೂ ಬರುತ್ತದೆ.

ಪ್ರಶ್ನೆ: ಎದುರಿಗೆ ಬರುವ ಗಾಡಿ ಕಣ್ಣಿಗೆ ಕಾಣುತ್ತದೆ, ಹಿಂದಿನಿಂದ ಬರುವುದು ಕಾಣುವುದಿಲ್ಲ. ಹಾಗಾದರೆ ರಾಂಗ್ ಸೈಡೇ ಸೇಫ್ ಅಲ್ವಾ? ಶಾಲೆಯಲ್ಲೂ ರಸ್ತೆಯ ಬಲಬದಿಯಲ್ಲಿ ನಡೆಯಿರಿ ಅಂತಲೇ ಹೇಳಿಕೊಟ್ಟಿದ್ದರು.
(ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಶಾಲೆಯಲ್ಲಿ ಹೇಳಿದ್ದು ಸರಿ, ಆದರೆ ಅದು ನಡೆಯುವವರಿಗೆ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡೆಯುವವರು ಎದುರು ಬರುವ ಗಾಡಿ ನೋಡುತ್ತಾ ಬಲಬದಿಯಲ್ಲಿ ಹೋಗುವುದು ಒಳ್ಳೆಯದು. ಅವರ ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರ್. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರೆ ಮುಗಿಯಿತು. ಸೈಕಲ್ ಹಾಗೆ ಪಕ್ಕಕ್ಕೆ ಹೆಜ್ಜೆ ಇಡುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಸೈಕಲ್ 15 ಕಿಲೋಮೀಟರ್ ವೇಗದಲ್ಲಿದೆ, ಬೈಕ್ 40ರಲ್ಲಿದೆ. ಇಬ್ಬರೂ ಒಂದೇ ದಿಕ್ಕಿನಲ್ಲಿದ್ದರೆ ಬೈಕ್ ನಿಮ್ಮ ಹತ್ತಿರ ಬರುವುದು 25ರ ವೇಗದಲ್ಲಿ. ಎದುರುಬದುರಾದರೆ 55. ಮೂವತ್ತು ಮೀಟರ್ ದೂರದಲ್ಲಿ ಒಬ್ಬರಿಗೊಬ್ಬರು ಕಂಡಿರಿ ಅನ್ನಿ. ಒಂದೇ ದಿಕ್ಕಿನಲ್ಲಿದ್ದರೆ ನಾಲ್ಕು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಸಮಯ ಇದೆ. ಎದುರಿಗಿದ್ದರೆ ಎರಡೇ ಸೆಕೆಂಡ್. ಹೊಡೆತವೂ ಬರೀ ಎರಡು ಪಟ್ಟಾಗುವುದಿಲ್ಲ. ವೇಗ ದುಪ್ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟು, ನಮ್ಮ ಈ ಲೆಕ್ಕದಲ್ಲಿ ಹೆಚ್ಚುಕಮ್ಮಿ ಐದು ಪಟ್ಟು.

ಇನ್ನೊಂದು ವಿಷಯ. ಹಿಂದಿನಿಂದ ಬರುವವರಿಗೆ ಜಾಗ ಸಿಗದಿದ್ದರೆ ನಿಮ್ಮ ವೇಗಕ್ಕೆ ಇಳಿದು, ನಿಮ್ಮ ಹಿಂದೆಯೇ ಸ್ವಲ್ಪ ದೂರ ಬಂದು, ಜಾಗ ಸಿಕ್ಕಾಗ ಮುಂದೆ ಹೋಗುತ್ತಾರೆ. ಎದುರಿನಿಂದ ಬರುವವರಿಗೆ ಆ ದಾರಿ ಇಲ್ಲ. ಅವರು ಪೂರ್ತಿ ನಿಲ್ಲಿಸಿದರೂ ನೀವು ಅವರ ಮೇಲೆ ಬರುತ್ತಲೇ ಇರುತ್ತೀರಿ. ಮಾರ್ಕೆಟ್‌ನಲ್ಲಿ ಇಬ್ಬರು ಎದುರುಬದುರಾಗಿ ಒಂದೇ ಕಡೆಗೆ ಸರಿದು ಸರಿದು ನಿಲ್ಲುತ್ತಾರಲ್ಲ, ರಸ್ತೆಯ ಮೇಲೂ ಅದೇ ಆಗುತ್ತದೆ. ಮಾರ್ಕೆಟ್‌ನಲ್ಲಿ ನಕ್ಕು ಹೋಗಬಹುದು.

ಹಿಂದಿನ ಗಾಡಿಯ ಭಯ ನಿಜವಾದದ್ದು, ಅದನ್ನು ಸುಮ್ನೆ ತಳ್ಳಿಹಾಕುವುದಿಲ್ಲ. ಹ್ಯಾಂಡಲ್‌ನ ಬಲಗಡೆಗೆ ಒಂದು ಕನ್ನಡಿ ಹಾಕಿಸಿ. ಹಿಂದೆ ಕೆಂಪು ಲೈಟ್ ಹಾಕಿಸಿ. ತೀರಾ ಅಂಚಿಗೆ, ಮೋರಿ ಚಪ್ಪಡಿಗೆ ಅಂಟಿಕೊಂಡು ಹೋಗಬೇಡಿ. ಅಲ್ಲಿ ಹೋದರೆ ಗುಂಡಿ ತಪ್ಪಿಸಲು ದಿಢೀರನೆ ಬಲಕ್ಕೆ ಬರಬೇಕಾಗುತ್ತದೆ, ಹಿಂದಿನವರು ಹೊಡೆಯುವುದು ಆಗಲೇ.

ಪ್ರಶ್ನೆ: ನಾನು ಸೆಕ್ಯುರಿಟಿ ಕೆಲಸ ಮಾಡ್ತೀನಿ ಸಾರ್. ಹನ್ನೆರಡು ಗಂಟೆ ಪಾಳಿ. ಗೇಟಿನಿಂದ ನನ್ನ ರೂಮು ರಸ್ತೆಯ ಇದೇ ಬದಿಯಲ್ಲಿ ಮುನ್ನೂರು ಮೀಟರ್, ಆದರೆ ಗಾಡಿಗಳು ಬರುವ ಕಡೆಗೆ. ಸರಿಯಾಗಿ ಹೋಗಬೇಕೆಂದರೆ ಮುಂದೆ ಹೋಗಿ ಯೂ ಟರ್ನ್ ತಗೊಂಡು, ಆ ಬದಿಯಲ್ಲಿ ವಾಪಸ್ ಬಂದು, ಮತ್ತೆ ಇನ್ನೊಂದು ಯೂ ಟರ್ನ್. ಮೂರು ಕಿಲೋಮೀಟರ್ ಮೇಲಾಗುತ್ತೆ. ನಾನು ಮಾಡ್ತಿರೋದು ತಪ್ಪಾ?
(ಹೆಸರು ಬೇಡವೆಂದ ಓದುಗರು, ಹೊರ ವರ್ತುಲ ರಸ್ತೆ, ಬೆಂಗಳೂರು)

ಉತ್ತರ: ಈ ಪತ್ರವನ್ನು ನಾನು ಮೂರು ಸಲ ಓದಿದೆ. ಅಣ್ಣ, ನೀವು ಕೇಳಿದ್ದು ಈ ಊರಿನ ರಸ್ತೆ ಮಾಡಿದವರು ಉತ್ತರ ಕೊಡಬೇಕಾದ ಪ್ರಶ್ನೆ. ಕಾರಿನವರಿಗೆ ಮೂರು ಕಿಲೋಮೀಟರ್ ಸುತ್ತು ಅಂದರೆ ಆಕ್ಸಿಲರೇಟರ್ ಮೇಲೆ ಇಟ್ಟ ಕಾಲನ್ನು ಇನ್ನೊಂದು ಐದು ನಿಮಿಷ ಹಾಗೇ ಇಟ್ಟಿರುವುದು. ಹನ್ನೆರಡು ಗಂಟೆ ನಿಂತ ಕಾಲಿಗೆ ಅದು ಹದಿನೈದು ನಿಮಿಷ ಪೆಡಲ್ ತುಳಿಯುವ ಕೆಲಸ. ಅದೂ ಎಂಥ ಹದಿನೈದು ನಿಮಿಷ! ಯೂ ಟರ್ನ್ ಇರುವುದು ರಸ್ತೆಯ ಬಲತುದಿಯಲ್ಲಿ, ಸೈಕಲ್ ಇರುವುದು ಎಡತುದಿಯಲ್ಲಿ. ನಡುವೆ ಮೂರು ಲೇನ್ ದಾಟಿಕೊಂಡು ಹೋಗಬೇಕು, ಹಿಂದಿನಿಂದ ಟ್ಯಾಂಕರ್ ಬರುತ್ತಿರುವಾಗ, ಎರಡೆರಡು ಸಲ. ನಿಯಮದ ಪ್ರಕಾರ ಹೋಗುವ ದಾರಿಯೇ ಸೈಕಲ್ಲಿಗೆ ಸುರಕ್ಷಿತವಲ್ಲದಿದ್ದರೆ ಜನ ಇನ್ನೊಂದು ದಾರಿ ಹುಡುಕುತ್ತಾರೆ. ಕಾರಿನಲ್ಲಿ ಕೂತು 'ಈ ಜನಕ್ಕೆ ಬುದ್ಧಿಯಿಲ್ಲ' ಅನ್ನುವವರು ಒಂದು ದಿನ ಆ ಯೂ ಟರ್ನನ್ನು ಸೈಕಲ್‌ನಲ್ಲಿ ತಗೊಂಡು ನೋಡಲಿ.

ಆದರೂ ನಿಮಗೆ ನಿಜ ಹೇಳಬೇಕು. ಪಾಳಿ ಮುಗಿಸಿ ಬೆಳಗಿನ ಜಾವ ಹೋಗುವವರಾದರೆ ಅದು ರಾಂಗ್ ಸೈಡಿಗೆ ತೀರಾ ಕೆಟ್ಟ ಹೊತ್ತು. ರಸ್ತೆ ಖಾಲಿ ಇರುವುದರಿಂದ ಗಾಡಿಗಳು ಜೋರಾಗಿ ಬರುತ್ತವೆ. ನಮ್ಮ ಹಳೆಯ ಸಾಮಾನ್ಯ ಸೈಕಲ್‌ಗಳಿಗೆ ಹಿಂದಿನ ಮಡ್‌ಗಾರ್ಡ್ ಮೇಲೆ ಕೆಂಪು ರಿಫ್ಲೆಕ್ಟರ್ ಇರುತ್ತದೆ, ಮುಂದೆ ಹೆಚ್ಚಾಗಿ ಏನೂ ಇರುವುದಿಲ್ಲ. ಅಂದರೆ ಸರಿಯಾದ ಬದಿಯಲ್ಲಿ ಹೋಗುವ ಸೈಕಲ್ ಹೆಡ್‌ಲೈಟಿಗೆ ಹೊಳೆಯುತ್ತದೆ, ಎದುರಿನಿಂದ ಬರುವ ಸೈಕಲ್ ಕತ್ತಲಲ್ಲಿ ಕರಗಿಹೋಗುತ್ತದೆ. ಎದುರಿನ ಹೆಡ್‌ಲೈಟ್ ಕಣ್ಣಿಗೆ ಹೊಡೆದು ನಿಮಗೂ ಮುಂದಿನ ಗುಂಡಿ ಕಾಣುವುದಿಲ್ಲ.

ಹಾಗಾಗಿ ಇಳಿದು ತಳ್ಳಿಕೊಂಡು ಹೋಗಿ. ಮುನ್ನೂರು ಮೀಟರ್ ತುಳಿದರೆ ಒಂದೂವರೆ ನಿಮಿಷ, ತಳ್ಳಿದರೆ ನಾಲ್ಕು ನಿಮಿಷ. ತಳ್ಳುವಾಗ ನೀವು ನಡೆಯುವವರು, ಎದುರು ಮುಖ ಮಾಡಿ ಹೋಗುವುದು ಸರಿಯೇ. ಫುಟ್‌ಪಾತ್ ಇರುವಷ್ಟು ದೂರ ಅದರ ಮೇಲೆ ಹೋಗಿ. ಅದು ಮುರಿದಿದ್ದರೆ ಅಂಚಿನಲ್ಲಿ ಹೋಗಿ, ಸೈಕಲ್ ರಸ್ತೆಯ ಕಡೆಗಿರಲಿ, ನೀವು ಫುಟ್‌ಪಾತ್ ಕಡೆಗಿರಿ. ಎಲ್ಲರಿಗೂ ಸೈಕಲ್‌ನ ಎಡಗಡೆ ನಿಂತು ತಳ್ಳಿ ರೂಢಿ, ಬಲಗಡೆ ನಿಂತು ತಳ್ಳೋದು ಎರಡು ದಿನ ಉಲ್ಟಾ ಅನ್ನಿಸುತ್ತದೆ, ಆಮೇಲೆ ಸರಿಹೋಗುತ್ತದೆ.

ಉಳಿದವರಿಗೆ ಒಂದು ಮಾತು. 2020ರಲ್ಲಿ, ಕೋವಿಡ್ ಸಮಯದಲ್ಲಿ, ಇದೇ ಹೊರ ವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದ್ದರು. ಆಮೇಲೆ ಕಂಬಗಳು ಮುರಿದವು, ಮೆಟ್ರೊ ಕೆಲಸ ಬಂತು, ಪಥ ಹೋಯಿತು. ಮತ್ತೆ ಮಾಡುವಾಗ ಒಂದೊಂದು ಬದಿಯಲ್ಲೂ ಎರಡೂ ದಿಕ್ಕಿಗೆ ಸೈಕಲ್ ಹೋಗುವಷ್ಟು ಅಗಲ ಇಟ್ಟು, ಮುಖ್ಯ ರಸ್ತೆಯಿಂದ ಗಟ್ಟಿ ಕಟ್ಟೆ ಹಾಕಿ ಬೇರೆ ಮಾಡಬೇಕು. ಡಿವೈಡರ್ ಇರುವ ದೊಡ್ಡ ರಸ್ತೆಗೆ ಬೇಕಾಗಿರುವುದು ಅದೇ. ಆಗ ಈ ಅಣ್ಣನಂಥವರ ಮುನ್ನೂರು ಮೀಟರ್ ರಾಂಗ್ ಸೈಡ್ ಆಗುವುದೇ ಇಲ್ಲ. ನಿಮ್ಮ ವಾರ್ಡ್ ಕಚೇರಿಗೆ ಪತ್ರ ಬರೆಯುವಾಗ 'ಸೈಕಲ್ ಪಥ ಬೇಕು' ಅಂತಷ್ಟೇ ಬರೆಯಬೇಡಿ, ಎರಡೂ ದಿಕ್ಕಿಗೆ ಬೇಕು ಅಂತ ಬರೆಯಿರಿ.

ಪ್ರಶ್ನೆ: ಸೈಕಲಿನವರಿಗೆ ಪೊಲೀಸರು ದಂಡ ಹಾಕಬಹುದಾ?
(ನಿವೃತ್ತ ನೌಕರರು, ತುಮಕೂರು)

ಉತ್ತರ: ಬೈಕ್, ಕಾರಿಗೆ ಹಾಕುವ ದಂಡ ಸೈಕಲ್ಲಿಗೆ ಬರುವುದಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌ಗೆ ಎದುರು ದಿಕ್ಕಿನಲ್ಲಿ ಓಡಿಸುವುದನ್ನೂ ಸೇರಿಸಿದರು, ಆದರೆ ಸೈಕಲ್ ಮೋಟಾರು ವಾಹನ ಅಲ್ಲವಲ್ಲ. ಹಾಗಂತ ಕಾನೂನೇ ಇಲ್ಲ ಅಂತಲೂ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್, ಅಂದರೆ ಹಳೆಯ ಐಪಿಸಿ 279, ರಸ್ತೆಯಲ್ಲಿ ಬೇರೆಯವರ ಜೀವಕ್ಕೆ ಅಪಾಯವಾಗುವಂತೆ ಯಾವುದೇ ವಾಹನ ಓಡಿಸುವವರಿಗೆ ಅನ್ವಯಿಸುತ್ತದೆ. ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ಮುಖ್ಯ, ಅಪಘಾತದಲ್ಲಿ ಪೆಟ್ಟಾಗಿ ಪರಿಹಾರ ಕೇಳಿದಾಗ 'ನೀವೇ ರಾಂಗ್ ಸೈಡಿನಲ್ಲಿದ್ದಿರಿ' ಅಂತ ಆ ಪರಿಹಾರದಲ್ಲಿ ಒಂದು ಪಾಲು ಕತ್ತರಿಸಬಹುದು. ಬಡವರಿಗೆ ಅದೇ ದೊಡ್ಡ ಹೊಡೆತ.

ಪ್ರಶ್ನೆ: ಮಗ ಎಂಟನೇ ಕ್ಲಾಸು. ಮಲ್ಲೇಶ್ವರದಲ್ಲಿ ಟ್ಯೂಷನ್‌ಗೆ ಸೈಕಲ್‌ನಲ್ಲಿ ಹೋಗ್ತಾನೆ. ಒನ್ ವೇನಲ್ಲಿ ಉಲ್ಟಾ ಬರ್ತಾನೆ ಅಂತ ಪಕ್ಕದ ಮನೆಯವರು ಹೇಳಿದರು. ಕೇಳಿದರೆ 'ಎಲ್ಲರೂ ಹಾಗೇ ಬರ್ತಾರಮ್ಮ' ಅಂತಾನೆ.
(ತಾಯಿಯೊಬ್ಬರು, ಬೆಂಗಳೂರು)

ಉತ್ತರ: ಬೈಯಬೇಡಿ ಅಮ್ಮ, ಸೈಕಲ್ ಕಿತ್ತಿಟ್ಟುಕೊಳ್ಳಲೂ ಬೇಡಿ. ಒಂದು ಭಾನುವಾರ ಅವನ ಜೊತೆ ಆ ದಾರಿಯಲ್ಲಿ ನಡೆದು ಹೋಗಿ. ಅಡ್ಡರಸ್ತೆ ಸೇರುವ ಒಂದು ಮೂಲೆಯಲ್ಲಿ, ಅವನು ಸೈಕಲ್‌ನಲ್ಲಿ ಬರುವ ದಿಕ್ಕಿನಲ್ಲೇ ಇಬ್ಬರೂ ಹತ್ತು ನಿಮಿಷ ನಿಂತು, ಹೊರಗೆ ಬರುವ ಡ್ರೈವರ್‌ಗಳ ಮುಖ ನೋಡಿ. ಎಷ್ಟು ಜನರ ಕಣ್ಣು ಕಂಡಿತು, ಎಷ್ಟು ಜನರ ಕಿವಿ ಕಂಡಿತು ಅಂತ ಅವನೇ ಎಣಿಸಲಿ. ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆ ಒಂದು ದಿಕ್ಕಿಗಾದರೆ ಮಾರ್ಗೋಸಾ ರಸ್ತೆ ಇನ್ನೊಂದು ದಿಕ್ಕಿಗೆ, ನಡುವೆ ಸಾಲಾಗಿ ಕ್ರಾಸ್‌ಗಳಿವೆ. ಹೋಗಲು ಒಂದು ದಾರಿ, ಬರಲು ಒಂದು ದಾರಿ ಅಂತ ಆವತ್ತೇ ಅವನೊಂದಿಗೆ ಕೂತು ಗುರುತು ಮಾಡಿ.

ಪ್ರಶ್ನೆ: ನಾನಿರುವ ನೆದರ್ಲೆಂಡ್ಸ್‌ನಲ್ಲಿ ಎಷ್ಟೋ ಒನ್ ವೇಗಳಲ್ಲಿ ನೋ ಎಂಟ್ರಿ ಬೋರ್ಡಿನ ಕೆಳಗೆ 'ಸೈಕಲ್ ಬಿಟ್ಟು' ಅಂತ ಬರೆದಿರುತ್ತದೆ. ಸೈಕಲ್‌ಗಳು ಎದುರಿನಿಂದ ಆರಾಮಾಗಿ ಬರುತ್ತವೆ. ಇಲ್ಲಿ ಆಗುವುದು ನಮ್ಮೂರಲ್ಲಿ ಯಾಕಾಗಬಾರದು?
(ಓದುಗರು, ಐಂಡ್‌ಹೋವನ್)

ಉತ್ತರ: ಒಳ್ಳೆ ಪ್ರಶ್ನೆ. ಬೆಲ್ಜಿಯಂನಲ್ಲಂತೂ 2004ರಿಂದ ಅಗಲ ಸಾಕಷ್ಟಿರುವ ಒನ್ ವೇಗಳಲ್ಲಿ ಸೈಕಲ್ ಎರಡೂ ಕಡೆ ಹೋಗಬಹುದು ಅನ್ನುವುದೇ ಸಾಮಾನ್ಯ ನಿಯಮ. ಅಲ್ಲಿ ಅದು ನಡೆಯುವುದಕ್ಕೆ ಕಾರಣ, ಬೋರ್ಡ್ ನೋಡಿದ ಡ್ರೈವರ್ ಸೈಕಲ್ ಬರುತ್ತದೆ ಅಂತ ಕಾದುಕೊಂಡೇ ತಿರುಗುತ್ತಾನೆ. ಅಲ್ಲಿನ ಒಳಬೀದಿಗಳಲ್ಲಿ ಗಾಡಿಗಳ ವೇಗವೂ ಕಮ್ಮಿ. ಬಸವನಗುಡಿ, ಮಲ್ಲೇಶ್ವರದ ಕೆಲವು ಒಳರಸ್ತೆಗಳಲ್ಲಿ ನಮ್ಮಲ್ಲೂ ಇದು ಖಂಡಿತ ಆಗುತ್ತದೆ ಅಂತ ನನ್ನ ನಂಬಿಕೆ. ಮೊದಲು ಮೂಲೆಗಳಲ್ಲಿ ಪಾರ್ಕಿಂಗ್ ತೆಗೆಯಬೇಕು, ಬೋರ್ಡ್ ಹಾಕಬೇಕು, ನೆಲದ ಮೇಲೆ ಸೈಕಲ್ ಚಿತ್ರ ಬಳಿಯಬೇಕು. ವರ್ತುಲ ರಸ್ತೆಯಲ್ಲಿ ಮಾತ್ರ ಬೇಡವೇ ಬೇಡ.

ಪ್ರಶ್ನೆ: ನಾನು ಸರಿಯಾಗಿ ಎಡಗಡೆ ಸೈಕಲ್ ತುಳಿಯುತ್ತಿದ್ದೇನೆ. ಎದುರಿಗೆ ರಾಂಗ್ ಸೈಡಿನಲ್ಲಿ ಇನ್ನೊಂದು ಸೈಕಲ್ ಬಂತು. ಯಾರು ಯಾವ ಕಡೆಗೆ ಸರಿಯಬೇಕು?
(ಶಿಕ್ಷಕಿ, ಮೈಸೂರು)

ಉತ್ತರ: ನೀವು ಬಲಕ್ಕೆ ಸರಿಯಲೇಬೇಡಿ ಮೇಡಂ. ಹಿಂದಿನಿಂದ ಏನು ಬರುತ್ತಿದೆ ಅಂತ ನಿಮಗೆ ಕಾಣುವುದಿಲ್ಲ, ಎದುರಿಗಿರುವವರಿಗೆ ಕಾಣುತ್ತದೆ. ಬೆಲ್ ಹೊಡೆದು, ವೇಗ ಇಳಿಸಿ, ಎಡ ಅಂಚಿನಲ್ಲಿ ಕಾಲೂರಿ ನಿಂತುಬಿಡಿ. ನಿಂತ ಸೈಕಲ್ ನೋಡಿದ ಮೇಲೆ ಅವರು ತಾವೇ ನಿಲ್ಲುತ್ತಾರೆ ಅಥವಾ ಹಿಂದಿನ ಗಾಡಿ ನೋಡಿಕೊಂಡು ನಿಮ್ಮ ಬಲಗಡೆಯಿಂದ ಹೋಗುತ್ತಾರೆ. ಅವರು ದಾಟಿದ ಮೇಲೆ ಒಮ್ಮೆ ಹಿಂದೆ ತಿರುಗಿ ನೋಡಿ ಹೊರಡಿ.